ಹೆಸರು, ಪಾಸ್‌ಪೋರ್ಟಿನಲ್ಲಿರುವಂತೆ

ಫರ್ವಾನಿಯಾದ ಟೈಪಿಂಗ್ ಅಂಗಡಿಯಲ್ಲಿ
ಕುಂಬಳೆಯ ಮೂಸಾಕ ನನ್ನ ಕಾಗದಗಳನ್ನು
ಇಸ್ಪೀಟಿನ ಹಾಗೆ ಗಾಜಿನ ಮೇಲೆ ಹರಡಿ ಹೇಳಿದರು:
‘ನೀವು ಮೂರು ಜನ ಉಂಟಲ್ಲ ಸಿಸ್ಟರೇ.’

ನರ್ಸಿಂಗ್ ಡಿಗ್ರಿಯಲ್ಲಿ ಚಂಪಾ ಪಿ.
ಪಾಸ್‌ಪೋರ್ಟಿನಲ್ಲಿ ಚಂಪಾವತಿ ಪುತ್ರನ್.
ಸಿವಿಲ್ ಐಡಿಯಲ್ಲಿ, ಅರಬ್ಬಿಗೆ ಪಕಾರವಿಲ್ಲ,
ಚಕಾರದ ಹತ್ತಿರವೂ ಅದು ಸುಳಿಯುವುದಿಲ್ಲ,
ಶಂಬಾವತಿ ಬುತ್ರನ್.
ಹನ್ನೊಂದು ವರ್ಷ ಅವಳ ಹೆಸರಿಗೇ ಸಂಬಳ ಬಂದಿದೆ.
ಕೌಂಟರಿನಲ್ಲಿ ಅವಳನ್ನು ಕೂಗಿದರೆ
ಎದ್ದು ಹೋದವಳು ನಾನು.

‘ಮೂವರೂ ಒಬ್ಬಳೇ ಅಂತ ಅಫಿಡವಿಟ್ ಬೇಕು.
ನನಗೆ ಒಂದೂವರೆ ದಿನಾರ್ ಸಾಕು, ಊರಿನವರಲ್ವಾ.’

ಡಿಗ್ರಿಯ ಬೆನ್ನಲ್ಲಿ ಈಗ ಬೆರಳಿಡಲು ಜಾಗವಿಲ್ಲ.
ಬೆಂಗಳೂರಿನ ಮುದ್ರೆ, ದಿಲ್ಲಿಯ ಮುದ್ರೆ,
ಇಲ್ಲಿ ಇಳಿದ ಮೇಲೆ ರೆಕ್ಕೆ ಬಿಚ್ಚಿದ ಗಿಡುಗದ್ದೊಂದು.
ಮುಂದಿನ ಬದಿಯಲ್ಲಿ ‘ಸೆಕೆಂಡ್ ಕ್ಲಾಸ್’
ಹಾಗೇ ಇದೆ.
ನನ್ನ ಕೆಲಸ ರಕ್ತ ತೊಳೆಯುವುದು:
ಒಂದು ಸೂಜಿಯಿಂದ ಹೊರಗೆ, ಇನ್ನೊಂದರಿಂದ ಒಳಗೆ,
ನಾಲ್ಕು ಗಂಟೆ.
ಕಾಗದ ಎಷ್ಟು ಊರು ಸುತ್ತಿ ಬಂದರೂ
ಹೋದದ್ದೇ ಬರುತ್ತದೆ.

‘ಈ ಕೋರ್ಸನ್ನೇ ಏಕೆ ಆರಿಸಿಕೊಂಡಿರಿ? ಐನೂರು ಪದ ಮೀರದಂತೆ.’
ಮೂರನೇ ಶಿಫ್ಟು. ಯಂತ್ರಗಳ ಹಸಿರು ಅಂಕಿ.
‘ಬಾಲ್ಯದಿಂದಲೂ ನನಗೆ ಸೇವೆಯಲ್ಲಿ...’
ಅಳಿಸಿದೆ. ಬಾಲ್ಯದಲ್ಲಿ ನನಗಿದ್ದ ಆಸೆ
ಮಲ್ಪೆಯ ಐಸ್ ಪ್ಲಾಂಟಿನಲ್ಲಿ ಕ್ಯಾಷಿಯರಾಗುವುದು.
ಆ ಕೋಣೆಗೆ ಗಾಜಿನ ಬಾಗಿಲಿತ್ತು,
ಮೀನಿನ ವಾಸನೆ ಹೊರಗೇ ನಿಲ್ಲುತ್ತಿತ್ತು.

ಏಳನೇ ಕುರ್ಚಿಯ ಅಬು ನಾಸರ್,
ಮೂವತ್ತು ವರ್ಷ ರೇಖಾಗಣಿತ ಕಲಿಸಿದವರು,
ಸೂಜಿಯಿಲ್ಲದ ಕೈಯಲ್ಲಿ ನನ್ನ ಹಾಳೆ ಹಿಡಿದು ಓದಿದರು.
‘ಕೃತಜ್ಞತೆ ನಾಲ್ಕು ಸಲ ಬಂದಿದೆ. ಯಾರಿಗೆ ಇಷ್ಟು ಸಾಲ?’
ಆಮೇಲೆ, ‘ಆ ನೋಟ್‌ಬುಕ್ಕಿನ ವಿಷಯ ಎಲ್ಲಿ?’

ಅದು ಬರೆಯುವಂಥದ್ದೆಂದು ನನಗೆ ಹೊಳೆದಿರಲಿಲ್ಲ.
ಮೂವತ್ತು ದಾಟದ ಹುಡುಗರು ಬರುತ್ತಾರೆ,
ಸಕ್ಕರೆಯಿಲ್ಲ, ಮನೆತನದಲ್ಲಿ ಯಾರಿಗೂ ಇಲ್ಲ,
ಎರಡೂ ಮೂತ್ರಪಿಂಡ ಮುಗಿದಿರುತ್ತವೆ.
ಜುಲೈಯಲ್ಲಿ ಕಬ್ಬಿಣ ಕಟ್ಟಿದವರು,
ಡಾಂಬರು ಹಾಸಿದವರು.
ನಾನು ಸುಮ್ಮನೆ ಕೇಳಿ ಬರೆದಿಡುತ್ತಿದ್ದೆ:
ಊರು, ಕೆಲಸ, ದಿನಕ್ಕೆ ಎಷ್ಟು ಬಾಟಲಿ ನೀರು,
ನೀರು ಇಟ್ಟ ಜಾಗ ಎಷ್ಟು ದೂರ.
ಐದನೇ ವರ್ಷದ್ದು ನಡೆಯುತ್ತಿದೆ.
ಅರವತ್ತೆರಡು ಹೆಸರು, ಕೆಲವಕ್ಕೆ ಅಡ್ಡಗೆರೆ.

ಐನೂರು ಪದ ಅಲ್ಲಿಂದ ತಾವಾಗಿ ಬಂದವು.
ಕೊನೆಗೆ ಎಪ್ಪತ್ತು ಕಡಿಯಬೇಕಾಯಿತು,
ಕೃತಜ್ಞತೆಗಳನ್ನೇ ಕಡಿದೆ.

ಎರಡು ಸಾವಿರದ ಹದಿಮೂರರಿಂದ ಹದಿನೈದು: ವಿವರಿಸಿ.
ಏಜೆಂಟ್ ಹೇಳಿದ ಆಸ್ಪತ್ರೆ ಇರಲೇ ಇಲ್ಲ.
ಅಬ್ಬಾಸಿಯಾದ ಫ್ಲಾಟಿನಲ್ಲಿ ಹದಿನಾಲ್ಕು ನರ್ಸುಗಳಿಗೆ
ಅನ್ನ ಬೇಯಿಸಿದೆ, ಯೂನಿಫಾರ್ಮು ಇಸ್ತ್ರಿ ಮಾಡಿದೆ,
ಪೊಲೀಸ್ ಗಾಡಿ ಬಂದರೆ ಸ್ನಾನದ ಕೋಣೆಯಲ್ಲಿ ನಿಂತೆ.
ಮೂಸಾಕ ಕೇಳಿ, ಕನ್ನಡಕ ಒರೆಸಿ, ಟೈಪ್ ಮಾಡಿದರು:
ಕೌಟುಂಬಿಕ ಕಾರಣಗಳು.
ಸುಳ್ಳೇನಲ್ಲ. ಆ ಹದಿನಾಲ್ಕರಲ್ಲಿ ಒಂಬತ್ತು ಜನ
ನನ್ನ ಅರ್ಜಿಯ ಶುಲ್ಕಕ್ಕೆ ಹಣ ಹಾಕಿದ್ದಾರೆ.

ಉಳಿದದ್ದು ಶಿಫಾರಸು ಪತ್ರ.
ಹೆಡ್ ನರ್ಸ್ ಏಲಿಯಮ್ಮ ಚೇಚಿಗೆ ಪುರುಸೊತ್ತಿಲ್ಲ.
‘ನೀನೇ ಬರಿ, ನಾನು ಸೈನ್ ಹಾಕುತ್ತೇನೆ.’
ಕ್ಯಾಂಟೀನಿನಲ್ಲಿ ಕುಳಿತು, ಯಾರೋ ಹಿಂದೆ ನಿಂತಂತೆ ನಾಚಿಕೊಂಡು,
‘ಈಕೆ’ ಎಂದು ಶುರು ಮಾಡಿದೆ.
ಈಕೆ ತಾಳ್ಮೆಯವಳು. ಈಕೆಯ ಕೈ ಹಗುರ.
ಸಿಕ್ಕದ ನರವೂ ಈಕೆಗೆ ಸಿಗುತ್ತದೆ.
ಒಂದು ಗಂಟೆ ಬರೆದೆ.
ನಾಲ್ಕನೆಯವಳೊಬ್ಬಳು ಎದುರಿಗೆ ಕೂತು
ತಣ್ಣಗಾದ ಸುಲೈಮಾನಿ ಕುಡಿದಳು.
ಅಫಿಡವಿಟ್ಟಿನಲ್ಲಿ ಅವಳಿಗೆ ಜಾಗ ಇರಲಿಲ್ಲ.

ಕೊನೆಯ ಚೌಕ:
‘ಅಭ್ಯರ್ಥಿಯನ್ನು ಎಷ್ಟು ವರ್ಷದಿಂದ ಬಲ್ಲಿರಿ?’
ಪೆನ್ನು ಅಲ್ಲೇ ನಿಂತಿತು.
ಏಳನೇ ಕುರ್ಚಿಯ ಅಲಾರಂ ಕೂಗುತ್ತಿತ್ತು,
ಚೇಚಿ ಆ ಕಡೆ ಓಡುತ್ತಲೇ ತಿರುಗಿ ನೋಡಿ
‘ಆರು ಹಾಕು’ ಎಂದರು.

ಆರು ಹಾಕಿದೆ.