ಸಿಂಬೆ

ಹೆದ್ದಾರಿ ಅಗಲವಾದ ಮೇಲೆ ಬೈತಖೋಲದಲ್ಲಿ ಉಳಿದದ್ದು
ಹನ್ನೊಂದಡಿಯ ಒಂದು ಪಟ್ಟಿ.
ಅದರಲ್ಲೇ ಒಂದು ಬಾವಿ, ಅದಕ್ಕೆ ಕೈ ಹಚ್ಚುವ ಹಾಗಿಲ್ಲ.
ಮೀನು ಒಣಗಿಸುತ್ತಿದ್ದ ಅಂಗಳದ ಮೇಲೆ ಈಗ ಟ್ಯಾಂಕರುಗಳು.
"ಮೇಲೊಂದು ಕೋಣೆ, ಅದರ ಮುಂದೆ ಒಣಗಿಸೋಕೆ ಜಾಗ.
ಮೆಟ್ಟಿಲು ಎಲ್ಲಿ ತುರುಕ್ತಿ ಅನ್ನೋದು ನಿನ್ನ ಕೆಲಸ"
ಅಂದಳು ಶೇವಂತಿ ತಾಂಡೇಲ.

ನಾನು ಕ್ಯಾಟಲಾಗು ತೆರೆದೆ.
ಪಣಜಿಯ ಬಂಗಲೆ, ಗಾಜಿನ ಹಲಗೆ, ಹಿತ್ತಾಳೆ ಕಟಾಂಜನ,
ಬುಡದಲ್ಲೊಂದು ಕುಂಡ.
ಶಂಖದ ಹಾಗೆ, ಅಂದೆ.
"ಶಂಖದೊಳಗಿನ ಹುಳ
ಯಾವತ್ತಾದರೂ ಬುಟ್ಟಿ ಹೊತ್ತು ಹತ್ತಿದ್ದುಂಟಾ?"
ಹೆಗಲ ಟವೆಲು ಎಳೆದು, ತಿರುಚಿ, ಎರಡು ಸುತ್ತು ಸುತ್ತಿ
ತುದಿಯನ್ನು ಒಳಗೆ ಸಿಕ್ಕಿಸಿ
ನನ್ನ ಮೇಜಿನ ಮೇಲಿಟ್ಟಳು.
"ಇದರ ಹಾಗೆ ಮಾಡು."

ಇಪ್ಪತ್ತೆಂಟು ವರ್ಷ
ತಲೆಗೂ ಭಾರಕ್ಕೂ ನಡುವೆ ಕೂತ ಸುರುಳಿ.
ಅದರ ಬಂಗಡೆ ವಾಸನೆ
ಮೂರು ದಿನ ನಕ್ಷೆಯ ಹಾಳೆ ಬಿಡಲಿಲ್ಲ.

ಟೇಪು ಹಿಡಿದು ಈ ಸಲ ಗೋಡೆ ಬಿಟ್ಟು
ಅವಳನ್ನೇ ಅಳೆದೆ.
ಐದಡಿಗೆ ಒಂದಿಂಚು ಕಡಿಮೆ,
ಬುಟ್ಟಿ ಸೇರಿದರೆ ಆರೂಕಾಲು.
ಬಲಗೈ ಬುಟ್ಟಿಗೆ, ಹಾಗಾಗಿ ಕಟಾಂಜನ ಎಡಗೈಗೆ,
ಹಾಗಾಗಿ ಕಂಬ ಬಲಕ್ಕೆ.
ಪ್ರದಕ್ಷಿಣೆ ತಾನಾಗಿಯೇ ಬಂತು, ನಾನು ತಂದದ್ದಲ್ಲ.
ಎಡಮಂಡಿ ಹಠಮಾರಿ,
ಎಂಟಿಂಚಿನ ಮೇಲೆ ಒಂದು ಕೂದಲೂ ಏಳುವುದಿಲ್ಲ.

ನಾನು ಬರೆದದ್ದು ಹದಿನಾಲ್ಕು ಮೆಟ್ಟಿಲು.
ಮೇಸ್ತ್ರಿ ಭೈರು ಆಚಾರಿ ಹಾಳೆಯ ಮೇಲೆ ಬೆರಳಿಟ್ಟು ಎಣಿಸಿದ:
ಇಂದ್ರ, ಯಮ, ರಾಜ, ಇಂದ್ರ, ಯಮ, ರಾಜ...
ಬೆರಳು ಯಮನ ಮೇಲೆ ನಿಂತಿತು.
ವಾದಕ್ಕೆ ಬಾಯಿ ತೆರೆದವನು ಮಂಡಿ ನೆನಪಾಗಿ ಸುಮ್ಮನಾದೆ.
ಯಮನಿಗೂ ಮಂಡಿಗೂ ಉತ್ತರ ಒಂದೇ,
ಹದಿನೈದು.

ನಡುಗಂಬಕ್ಕೆಂದು ಇನಾಸ ಫೆರ್ನಾಂಡಿಸ
ಒಡೆದ ಟ್ರಾಲರಿನ ಶಾಫ್ಟು ಹುಡುಕಿದ, ಗುಜರಿಯಲ್ಲಿ.
ಶೇವಂತಿ ಕಿಲೋ ಲೆಕ್ಕಕ್ಕೆ ಚೌಕಾಸಿ ಮಾಡಿ
ತಕ್ಕಡಿಯ ಮುಳ್ಳು ಎರಡು ಸಲ ನೋಡಿದಳು.
ನೀರಿನಡಿ ವರ್ಷಗಟ್ಟಲೆ ತಿರುಗಿದ್ದು
ಈಗ ನೆಟ್ಟಗೆ ನಿಂತಿದೆ.
ತಿರುಗುವ ಕೆಲಸ ನಮಗೆ ಬಿಟ್ಟಿದೆ.

"ಕಪಾಟು ಹ್ಯಾಗೆ ಏರಿಸ್ತೀರಿ?"
"ಬಿಚ್ಚಿ."
"ಮಂಚ?"
"ಚಾಪೆ ಉಂಟಲ್ಲ, ಅದೂ ಸುರುಳಿಯೇ."
ಇನ್ನೊಂದು ಪ್ರಶ್ನೆ ಪೆನ್ಸಿಲಿನ ಮೊನೆಗೆ ಬಂದು ನಿಂತಿತು.
ಈ ಬಗೆಯ ಮೆಟ್ಟಿಲಿಗೆಲ್ಲ ಅದೊಂದು ದೋಷ:
ಬದುಕಿದವರಷ್ಟೇ ತಿರುಗಬಲ್ಲರು.
ಚಟ್ಟ ತಿರುಗುವುದಿಲ್ಲ.

ಎಲೆಯಡಿಕೆ ಉಗುಳಿ ಬಂದು ಅವಳೇ ಅಂದಳು,
"ಮೇಲಿನ ಕಿಟಕಿ ದೊಡ್ಡದಿಡು, ನೆತ್ತಿಗೊಂದು ಕೊಕ್ಕೆ.
ಬೋಟಿನ ಇಂಜಿನ್ ಇಳಿಸೋ ಚೈನು ಅಣ್ಣನ ಹತ್ರ ಉಂಟು.
ನಾನು ಇಂಜಿನ್‌ಗಿಂತ ಹಗುರ."
ಖರ್ಚಿನ ಪಟ್ಟಿಯಲ್ಲಿ ಕೊಕ್ಕೆಯ ಎದುರು
'ಇತರೆ' ಎಂದು ಬರೆದೆ.

ಕಿಟಕಿ ಸಮುದ್ರ ನೋಡಲಿಕ್ಕೆ ಅಂದುಕೊಂಡಿದ್ದೆ.
"ಸಮುದ್ರ ಎಂತ ನೋಡೂದು? ಬೋಟು ನೋಡೂದು.
ಎಷ್ಟು ಮುಳುಗಿ ಬರ್ತದೆ ಅಂತ.
ಮುಳುಗಿ ಬಂದ್ರೆ ಮೀನು ಜಾಸ್ತಿ, ರೇಟು ಇಳೀತದೆ.
ಬಂದರಿಗೆ ಇಳಿಯೋ ಮೊದಲೇ ನನಗದು ಗೊತ್ತಿರ್ಬೇಕು."

ಹತ್ತನೆಯ ಮೆಟ್ಟಿಲಿನ ವೆಲ್ಡಿಂಗು ಸ್ವಲ್ಪ ಕೆಟ್ಟಿತು.
ಉಳಿದವೆಲ್ಲ ಠಣ್ ಅನ್ನುತ್ತವೆ, ಅದೊಂದು ಧಪ್.
ಸರಿ ಮಾಡ್ತೇನೆ ಅಂದ ಇನಾಸನನ್ನು ಅವಳು ಬಿಡಲಿಲ್ಲ.
ಕತ್ತಲಲ್ಲಿ ಎಲ್ಲಿದ್ದೇನೆ ಅಂತ ಅದು ಹೇಳುತ್ತದಂತೆ.

ನನ್ನ ಫೀಸಿನಲ್ಲಿ ನಾಲ್ಕು ಸಾವಿರ ಇನ್ನೂ ಬಾಕಿ.
ತಿಂಗಳಿಗೊಮ್ಮೆ ಹೆದ್ದಾರಿ ದಾಟಿ ಹೋಗುತ್ತೇನೆ.
ಬಾಗಿಲು ಬಡಿಯುವ ಮೊದಲೇ ಒಳಗೆ
ಠಣ್, ಠಣ್, ಧಪ್, ಮತ್ತೆ ಠಣ್.
"ನೀ ಬರೂದು ಮೇಲಿಂದ ಕಂಡೆ."
ಕೈಯಲ್ಲಿ ಪೇಪರಿನ ಪೊಟ್ಟಣ, ಯಾವಾಗಲೂ ಆರು ಬಂಗಡೆ.
ಬಾಕಿಗೆ ಜಮಾ ಮಾಡಿಕೋ ಅನ್ನುವುದಿಲ್ಲ ಅವಳು,
ಕೇಳುವುದಿಲ್ಲ ನಾನು.

ಎಷ್ಟು ಮುಳುಗಿ ಬರುತ್ತಿದ್ದೆ ಅನ್ನುವುದೂ ಕಂಡಿತೋ ಏನೋ,
ಮನೆಗೆ ಬಂದು ಬಿಚ್ಚಿದರೆ
ಇವತ್ತು ಎಂಟು.