ಆನೆಯ ಹೆಬ್ಬೆಟ್ಟು

ಕೂಡ್ಲೂರಿನ ಕ್ಯೂರಿಂಗ್ ವರ್ಕ್ಸಿನಲ್ಲಿ
ಗೋಣಿಯ ಮೇಲೆ ಮೂಡುವ ಅಕ್ಷರಕ್ಕೆ
ತಗಡು ಕೊರೆಯುವುದು ನನ್ನ ಕೆಲಸ.
ಇಂಗ್ಲಿಷ್ ಸುಲಭ, ಕಡ್ಡಿ ಕಡ್ಡಿ.
ಕನ್ನಡಕ್ಕೆ ಹೊಟ್ಟೆ ಜಾಸ್ತಿ.
ಠ ಕೊರೆಯುವಾಗ ನಡುವೆ ಒಂದು ಸೇತುವೆ ಬಿಡಬೇಕು,
ಇಲ್ಲದಿದ್ದರೆ ಹೊಟ್ಟೆಯೇ ಕಳಚಿ
ಕಾಲ ಬಳಿ ಬೀಳುತ್ತದೆ, ಟಿಣ್ ಎಂದು.

ರಾತ್ರಿ ಊಟವಾದ ಮೇಲೆ
ಹದಿನೇಳು ಜನ, ಫೋನಿನೊಳಗೆ, ಒಬ್ಬರಿಗೊಬ್ಬರು ಬಡಿಸುತ್ತಿದ್ದೆವು:
ಪೊನ್ನಂಪೇಟೆಯ ರೈಸ್ ಮಿಲ್ಲಿನ ಬೋರ್ಡು,
ಅದರ 'ಲ್ಲಿ'ನ ಒತ್ತು ಜಡೆಯಂತೆ ಇಳಿದದ್ದು;
ಸುಂಟಿಕೊಪ್ಪದ ಹಳೇ ಜೀಪಿನ ಹಿಂದೆ
ಯಾರೋ ಕೈಯಲ್ಲಿ ಬರೆದ 'ನಿಧಾನ',
ನಿಧಾನವಾಗಿಯೇ ಬರೆದದ್ದು, ಗೊತ್ತಾಗುತ್ತದೆ;
ಅಮ್ಮತ್ತಿಯ ಮೊಯ್ದುಕುಟ್ಟಿಗೆ ಅಟ್ಟದಲ್ಲಿ ಸಿಕ್ಕ
ಬೀಡಿಕಟ್ಟಿನ ಲೇಬಲ್ಲು, ಮೂರೇ ಬಣ್ಣದಲ್ಲಿ ಇಡೀ ಸೂರ್ಯೋದಯ.
ಅಬ್ಬಾ ಅನ್ನುತ್ತಿದ್ದೆವು. ಕಣ್ಣಿಗೆ ಊಟ, ಕಾಸಿಲ್ಲ.

ನಾಪೋಕ್ಲಿನ ಬೊಳ್ಳಮ್ಮ ಮಾತ್ರ
ನಗು ಕಳಿಸುವವಳು.
ಅಂಗನವಾಡಿಯ ಲೆಕ್ಕ ಮುಗಿಸಿ ಬೆರಳಲ್ಲೇ ಚಿತ್ರ ಬಿಡಿಸುತ್ತಾಳೆ.
ಆಗಸ್ಟಿನಲ್ಲಿ ಒಂದು ಬಂತು:
ಪಡಿತರದ ಸಾಲಿನಲ್ಲಿ ಒಂಟಿ ಸಲಗ,
ಸೊಂಡಿಲಲ್ಲಿ ಖಾಲಿ ಚೀಲ,
ಹೆಬ್ಬೆಟ್ಟಿನ ಯಂತ್ರದ ಮೇಲೆ ಮುಂಗಾಲು.
ಯಂತ್ರ ಅಪ್ಪಚ್ಚಿ. ಅದರೊಳಗಿಂದ ಸಣ್ಣ ದನಿ:
'ಗುರುತು ಹೊಂದಿಕೆಯಾಗಿಲ್ಲ,
ದಯವಿಟ್ಟು ಮತ್ತೊಮ್ಮೆ ಒತ್ತಿ.'

ಮತ್ತೊಮ್ಮೆ ಒತ್ತಿ!
ಸಿದ್ದಾಪುರದಲ್ಲಿ ನಕ್ಕರು, ಕುಟ್ಟದಲ್ಲಿ ನಕ್ಕರು,
ಆನೆ ಓಡಿಸುವ ಹುಡುಗರು ಪಟಾಕಿ ಕೆಳಗಿಟ್ಟು ನಕ್ಕರು.
ಬೆರಳು ಸವೆದು ಎರಡು ತಿಂಗಳಿಂದ ಅಕ್ಕಿ ಸಿಗದ
ಲೈನ್‌ಮನೆಯ ಯರವರ ಚೋಮಿ
ಇನ್ನೊಬ್ಬರ ಫೋನಿನಲ್ಲಿ ನೋಡಿ ನಗಲಿಲ್ಲ.
'ಆನೆಗೂ ಕೊಡಲಿಲ್ಲವಾ?' ಎಂದಳಂತೆ.

ಐದನೇ ದಿನ ಠಾಣೆಯಿಂದ ಕರೆ.
ನಾನು ಬರೀ ದಾಟಿಸಿದವನು; ಅಷ್ಟೇ ಸಾಕಿತ್ತು.
'ಈ ಆನೆ ಯಾರು?' ಎಂದರು ಸಾಹೇಬರು.
'ಆನೆ, ಸಾರ್.'
'ಅದು ಕಾಣುತ್ತೆ. ಯಾರು ಅಂತ ಕೇಳಿದ್ದು.'
ಇನ್ನೊಮ್ಮೆ ನೋಡಿದೆ. ಕಿವಿ, ದಂತ, ಬಾಲ.
ಬಾಲದ ತುದಿಗೆ ಅವಳು ಮೂರೇ ಗೀರಿನಲ್ಲಿ ಕೂದಲು ತಂದಿದ್ದಳು.
ಅದನ್ನು ಹೇಳಬೇಕೆನಿಸಿತು. ಹೇಳಲಿಲ್ಲ.

ಪಕ್ಕದಲ್ಲಿ ಹೇಳಿಕೆ ಬರೆಯುತ್ತಿದ್ದ ಪೇದೆಯ ಕೈಬರಹ,
ಏನು ಹೇಳಲಿ!
ಒಂದೊಂದು 'ಳ'ವೂ ಬಾಲ ಸುತ್ತಿ ಮಲಗಿದ ಬೆಕ್ಕು.
ಬೆಳ್ಯಪ್ಪ ಎಂಬ ನನ್ನ ಹೆಸರು
ಅಷ್ಟು ಚಂದ ಕಂಡದ್ದು ಆವತ್ತೇ ಮೊದಲು,
ಆರೋಪಿಯ ಜಾಗದಲ್ಲಿ.
ಒಂದು ಫೋಟೋ ತೆಗೆಯೋಣವೆಂದು ಜೇಬು ತಡವಿದೆ.
ಫೋನು ಅವರ ಮೇಜಿನ ಮೇಲಿತ್ತು.

ಅಳಿಸಿದೆ, ಅವರೆದುರೇ.
ಅಳಿಸಿದ್ದು ಹೋಗಿ ಬೀಳುವ ಬುಟ್ಟಿಯನ್ನೂ
ಬರಿದು ಮಾಡಿ ತೋರಿಸಿದೆ.
ಮನೆಗೆ ಬಂದು ನೋಡಿದರೆ ಹದಿನೇಳರಲ್ಲಿ ಉಳಿದವರು ನಾಲ್ವರು.
ಮೊಯ್ದುಕುಟ್ಟಿ 'ಶುಭರಾತ್ರಿ' ಎಂದು ಗುಲಾಬಿ ಕಳಿಸಿದ್ದ,
ಎಂದೂ ಗುಲಾಬಿ ಕಳಿಸಿದವನಲ್ಲ.
ಬೊಳ್ಳಮ್ಮನ ಹೆಸರಿನ ಪಕ್ಕದ ವೃತ್ತದಲ್ಲಿ
ಅವಳ ಮುಖವಿಲ್ಲ;
ಬೂದುಬಣ್ಣದ, ಯಾರದ್ದೂ ಅಲ್ಲದ ತಲೆ.

ಈಗ ಏನು ಬರೆದರೂ
ಮೊದಲು ಸಾಹೇಬರ ಕಣ್ಣಲ್ಲಿ ಓದಿಕೊಳ್ಳುತ್ತೇನೆ.
'ಮಳೆ ಜೋರು' ಎಂದು ಒತ್ತಿ,
ಯಾರ ಮಳೆ ಎಂದು ಕೇಳಿಯಾರು ಅನಿಸಿ
ಅಳಿಸುತ್ತೇನೆ.
ಹೀಗೆ ಮಾಡು ಎಂದು ಯಾರೂ ಹೇಳಿಲ್ಲ. ಅದೇ ಕಷ್ಟ.

ನಿನ್ನೆ ತಗಡಿನ ಚೂರೊಂದು ಉಳಿದಿತ್ತು.
ಸುಮ್ಮನೆ ಕೊರೆದೆ.
ಕಾಲು, ಉಗುರು, ಕೆಳಗೆ ಚಪ್ಪಟೆ ಯಂತ್ರ.
ಕಿವಿಗೊಂದು, ಸೊಂಡಿಲಿಗೆ ಎರಡು ಸೇತುವೆ ಬೇಕಾಯಿತು.
ಕತ್ತರಿಸಿದ ಕಡೆಯೇ ಶಾಯಿ ಇಳಿಯುವುದು
ಎಂದು ಮೇಸ್ತ್ರಿ ಹೇಳಿಕೊಟ್ಟಾಗ
ಅದು ಬರೀ ಕೆಲಸದ ಮಾತಾಗಿತ್ತು.

ಒಂದೇ ಒಂದು ಗೋಣಿಯ ತಳಕ್ಕೆ, ಹೊಲಿಗೆಯ ಬಳಿ, ಹೊಡೆದೆ.
ರೊಬಸ್ಟಾ, ಅರವತ್ತು ಕೆಜಿ, ಮಂಗಳೂರು ಬಂದರಿಗೆ.
ಸಂಪಾಜೆ ಗೇಟಿನಲ್ಲಿ ಲಾರಿ ನಿಲ್ಲಿಸಿ
ಕಾಗದ ನೋಡಿದರಂತೆ, ಟಾರ್ಪಾಲು ಎತ್ತಿದರಂತೆ,
ಬಿಟ್ಟರಂತೆ.
ಎಲ್ಲಿ ಇಳಿಯುತ್ತದೋ, ಯಾವ ಸೀಮೆಯ ಹಮಾಲಿ
ಮೂಟೆ ಮಗುಚುವಾಗ ಕಾಣುತ್ತಾನೋ.
ನಗದಿದ್ದರೂ ಪರವಾಗಿಲ್ಲ.
ಬಾಲದ ಆ ಮೂರು ಗೀರು ನೋಡಲಿ.