ಬೀಗದ ಕೈ ಎದುರು ಮನೆಯಲ್ಲಿ

ಚರ್ಚಿನ ಬಾಗಿಲಿಗೆ ಚೀಟಿ ಅಂಟಿದೆ:
'ಬೀಗದ ಕೈ ಎದುರು ಮನೆಯಲ್ಲಿ. ನೀಲಿ ಬಾಗಿಲು.
ನಾಯಿ ಕಚ್ಚುವುದಿಲ್ಲ.'
ನಾಯಿ ಸತ್ತು ನಾಲ್ಕು ವರ್ಷ.
ಬಾಗಿಲಿಗೂ ಈಗ ಹಸಿರು ಬಣ್ಣ.
ಆದರೂ ಹೇಗೋ ಹುಡುಕಿಕೊಂಡು ಬರುತ್ತಾರೆ ಜನ.

ಗೇಣುದ್ದದ ಕಬ್ಬಿಣ ಅದು. ಹಿಟ್ಟಿನ ಡಬ್ಬದ ಪಕ್ಕ,
ಅತ್ತೆ ಹೊಡೆದ ಮೊಳೆಯಲ್ಲೇ ತೂಗುತ್ತದೆ.
ನನಗೆ ಭಕ್ತಿ ಅಷ್ಟಕ್ಕಷ್ಟೇ;
ಕೇಳಿ ಬಂದವರನ್ನು ಮಾತ್ರ
ಬರಿಗೈಯಲ್ಲಿ ಕಳಿಸಿದವಳಲ್ಲ.

ಸೈಕಲ್ಲಿನವರು ಬರುತ್ತಾರೆ,
ನಾರ್ಫಕ್ಕಿನ ದುಂಡು ಗೋಪುರಗಳನ್ನೆಲ್ಲ
ಸಾಯುವುದರೊಳಗೆ ನೋಡಿ ಮುಗಿಸುವ ಹಟದವರು.
ಚಕಮಕಿ ಕಲ್ಲಿನ ಗೋಡೆ ಸವರಿ, ಪಟ್ಟಿಯಲ್ಲಿ ಗೀಟೆಳೆದು,
ನನ್ನ ಹೊಸ್ತಿಲಿಗೆ ಕೆಸರು ಒರೆಸಿ ಹೋಗುತ್ತಾರೆ.
ಮುಸ್ಸಂಜೆಗೆ ಬಾವಲಿ ಎಣಿಸುವ ಹುಡುಗಿ:
ಫ್ಲಾಸ್ಕು, ಕಂಬಳಿ, ಕಿವಿಗೊಂದು ಯಂತ್ರ.
'ನೂರಾ ಹದಿನಾಲ್ಕು!' ಎನ್ನುತ್ತಾಳೆ, ಮುಖವೆಲ್ಲ ಬೆಳಕು.
ಭಾನುವಾರ ಬರುವವರು ಆ ಹದಿನಾಲ್ಕೂ ಇಲ್ಲ.
ಹೇಳುವುದಿಲ್ಲ ನಾನು.

ಒಮ್ಮೆ ಬಂದವರು ಬೀಗದ ಕೈ ಕೇಳಲಿಲ್ಲ.
ಚಾವಣಿಯ ಸೀಸವನ್ನೇ ಚಾಪೆಯಂತೆ ಸುತ್ತಿ
ರಾತ್ರೋರಾತ್ರಿ ಒಯ್ದರು.
ಅಂದಿನಿಂದ ಬಡಗಣ ಮೂಲೆಯಲ್ಲಿ ಎರಡು ಬಕೆಟ್ಟು.
ಒಂದು ನನ್ನದು.

ಹೋದ ಶುಕ್ರವಾರ ಕವಿಗಳು ಬಂದರು.
ರೊವೀನಾ ಕಬಿಟ್ ಎರಡು ಹೀಟರು ತಂದಳು,
ಒಂದು ಕೆಲಸ ಮಾಡಿತು.
ಒಟ್ಟು ಹನ್ನೊಂದು ಜನ; ಓದುವವರೇ ಒಂಬತ್ತು.
ಕೇಳುವುದಕ್ಕೆ ನಾನು, ಮತ್ತು ಯಾರದೋ ಗಂಡ.
ಬೆಂಚು ಕೊರೆಯುತ್ತಿತ್ತು. ಮಂಡಿಯೂರುವ ದಿಂಬುಗಳನ್ನೇ
ಎಳೆದುಕೊಂಡು ಕೂತೆವು. ನನಗೆ ಸಿಕ್ಕಿದ್ದು ಅತ್ತೆಯದು:
ಊರ ಹೆಂಗಸರೆಲ್ಲ ಕುರಿಮರಿ ಕಸೂತಿ ಹಾಕುವಾಗ
ಆಕೆ ಟ್ರ್ಯಾಕ್ಟರು ಹಾಕಿದ್ದಳು, ಕೆಂಪು ನೂಲಿನಲ್ಲಿ.
ಪಾದ್ರಿ ಒಂದು ತಿಂಗಳು ಮಾತು ಬಿಟ್ಟಿದ್ದರಂತೆ.

ಒಬ್ಬ ಸಮುದ್ರದ ಮೇಲೆ ಓದಿದ.
ಒಬ್ಬಳು ತನ್ನ ವಿಚ್ಛೇದನದ ಮೇಲೆ,
ಅದರಲ್ಲೂ ಸಮುದ್ರ ಬಂತು.
ಸುಳ್ಳೇಕೆ, ನಾನು ಆಗ
ಫ್ರಿಜ್ಜಿನಲ್ಲಿದ್ದ ಪೈ ನಾಳೆಗೂ ಸಾಕಾದೀತೇ
ಎಂದು ಲೆಕ್ಕ ಹಾಕುತ್ತಿದ್ದೆ.

ಆಮೇಲೆ ಸಿರಿಲ್ ಥರ್ಟಲ್ ಎದ್ದು ನಿಂತ.
ಮೂವತ್ತೆಂಟು ವರ್ಷ ಬೀಟ್ ಗಡ್ಡೆಯ ಲಾರಿ ಓಡಿಸಿದವನು;
ಸಕ್ಕರೆ ಕಾರ್ಖಾನೆಯ ವಾಸನೆ
ಇನ್ನೂ ಕೋಟಿನಿಂದ ಹೋಗಿಲ್ಲ.
ಅದು ಪದ್ಯವೋ ಅಲ್ಲವೋ, ತಿಳಿದವರು ಹೇಳಲಿ.
ಬೀಜದ ಚೀಲದ ಬೆನ್ನಿಗೆ ಬರೆದ ಪಟ್ಟಿ, ಹೊಲಗಳ ಹೆಸರು.
ಬೇಲಿಗಳನ್ನು ಕಿತ್ತು ಎಲ್ಲ ಒಂದೇ ಬಯಲಾಗುವ ಮುಂಚಿನವು.

ಮೊಲದ ಮಗ್ಗುಲು.
ವಿಧವೆಯ ಮೂರು ಮೂಲೆ.
ಬೆಣ್ಣೆ ಹೊಂಡ.
ಕುಂಟೆಕರೆ, ದೊಡ್ಡದು. ಕುಂಟೆಕರೆ, ಚಿಕ್ಕದು.
ಹಸಿದ ಗುಡ್ಡ.
ಒಂದೊಂದಕ್ಕೂ ನಿಂತು, ಗೇರು ಬದಲಿಸುವಂತೆ ಉಸಿರೆಳೆದು,
ರೇಡಿಯೋದವರು ಅಣಕಿಸಿ ನಗುವ
ನಮ್ಮ ಕಡೆಯ ಎಳೆದೆಳೆದ ಮಾತಿನಲ್ಲಿ.

ಹಸಿದ ಗುಡ್ಡ!
ಮಾವ ಹೊತ್ತಿಗೆ ಸರಿಯಾಗಿ ಮನೆ ಸೇರದಿದ್ದರೆ
ಅತ್ತೆ ತಟ್ಟೆ ಮುಚ್ಚಿಡುತ್ತಾ ಅನ್ನುವಳು:
'ಹಸಿದ ಗುಡ್ಡದಲ್ಲಿ ಬಿದ್ದಿರುತ್ತಾನೆ.'
ನಲವತ್ತು ವರ್ಷ
ಅದನ್ನು ಬೈಗುಳ ಅಂದುಕೊಂಡಿದ್ದೆ.

ಚಹದ ಹೊತ್ತಿಗೆ ಕೇಳಿದೆ, ಎಲ್ಲಿದೆ ಸಿರಿಲ್, ಅದು?
ಬಿಸ್ಕತ್ತು ಹಿಡಿದ ಕೈಯಲ್ಲೇ ಗೋಡೆಯಾಚೆ ತೋರಿಸಿದ:
'ನಿನ್ನ ಅಡುಗೆಮನೆ ಕಿಟಕಿಗೆ ನೇರ.
ಕರೆಂಟಿನ ಕಂಬ ಇದೆಯಲ್ಲ, ಅಲ್ಲಿ.'
ಗುಡ್ಡವೇ ಇಲ್ಲವಲ್ಲೋ ಅಲ್ಲಿ, ಅಂದೆ.
'ಕುದುರೆ ಕಟ್ಟಿ ಉತ್ತಿದ್ದರೆ
ಗೊತ್ತಾಗುತ್ತಿತ್ತು' ಅಂದ.

ಎಲ್ಲರೂ ಹೋದರು. ಬಕೆಟ್ಟು ಚೆಲ್ಲಿ, ಬೀಗ ಹಾಕಿ,
ಮನೆಗೆ ಬಂದು ದೀಪ ಹಾಕದೆ
ಕಿಟಕಿಯ ಹತ್ತಿರ ನಿಂತೆ.
ಕಂಬ ಕಂಡಿತು. ಅದರ ಬುಡದಲ್ಲಿ ಬೀಟ್ ಸೊಪ್ಪು,
ಕಣ್ಣು ಹಾಯುವಷ್ಟೂ ಅದೇ.
ಅಂಗೈಯಲ್ಲಿ ಕಬ್ಬಿಣ ಬೆಚ್ಚಗಾಗುವವರೆಗೂ ನಿಂತಿದ್ದೆ.
ಉಬ್ಬು ಇದ್ದ ಹಾಗೆ ಒಮ್ಮೆ ಅನ್ನಿಸಿತು,
ಒಮ್ಮೆ ಇಲ್ಲ.

ನಾಳೆ ಆ ಚೀಟಿ ಬದಲಿಸಬೇಕು.
ಹಸಿರು ಬಾಗಿಲು ಅಂತ ಬರೆಯಬೇಕು.
ನಾಯಿಯ ಸಾಲು ಇರಲಿ.
ಕಚ್ಚುವುದಂತೂ ಇಲ್ಲ.